ಕರೆ ಬಂದವರು, ಕಾದು ಕೂತವರು

ಗದಗಿನ ಬಸ್‌ಸ್ಟ್ಯಾಂಡಿನಲ್ಲಿಳಿದು ಆಟೋದವರಿಗೆ ‘ಜರ್ಮನ್ ದವಾಖಾನಿ’ ಅಂದರೆ ಸಾಕು, ಬೆಟಗೇರಿಗೆ ತಂದು ಬಿಡ್ತಾರೆ. ಅಲ್ಲಿ ಜರ್ಮನ್ ಮಾತಾಡುವವರು ಯಾರೂ ಇಲ್ಲ. ದವಾಖಾನೆ ಸಿಎಸ್‌ಐ ಸಭೆಯದ್ದು. ಆದರೂ ಹೆಸರು ಮಾತ್ರ ಹೋಗಿಲ್ಲ. ನಮ್ಮ ಊರಿನ ಮಂದಿಗೆ ಅದೊಂದು ವಿಚಿತ್ರ ಅಂತ ಕೂಡ ಅನ್ನಿಸೋದಿಲ್ಲ.

ನನಗೆ ಮಾತ್ರ ಮೊದಲಿನಿಂದಲೂ ಒಂದು ಕುತೂಹಲ. ರೈಲು ಇಲ್ಲದ, ಸೂಯೆಜ್ ಕಾಲುವೆ ಇನ್ನೂ ತೆರೆಯದ ಕಾಲದಲ್ಲಿ, ಇಪ್ಪತ್ತು-ಇಪ್ಪತ್ತೈದರ ಹುಡುಗರು ಓದು ಮುಗಿಸಿದವರೇ ಮನೆ-ಮಠ ಬಿಟ್ಟು, ಹೆಸರೇ ಕೇಳದಿದ್ದ ಬೆಟಗೇರಿಗೆ ಯಾಕೆ ಬಂದರು? ಅವರನ್ನು ಕೇಳಿದ್ದರೆ ಒಂದೇ ಮಾತು ಹೇಳುತ್ತಿದ್ದರು: ‘ನಮಗೆ ಕರೆ ಬಂತು’.

ಈ ‘ಕರೆ’ ಅನ್ನೋದು ಏನು? ದೇವರು ಒಬ್ಬ ಮನುಷ್ಯನನ್ನು ಒಂದು ಕೆಲಸಕ್ಕೆಂದು ಕರೆಯುತ್ತಾನೆ ಅನ್ನೋ ನಂಬಿಕೆ. ನಾನು ಆ ನಂಬಿಕೆಯವನಲ್ಲ. ಆದರೆ ಅದನ್ನು ನಂಬಿದವರ ಬೆನ್ನು ಹತ್ತಿ ನೋಡಿದರೆ ನಮ್ಮ ಗದಗ ಸೀಮೆಯ ಇತಿಹಾಸದ ಒಂದು ಮೂಲೆಗೆ ಚೆನ್ನಾಗಿ ಬೆಳಕು ಬೀಳುತ್ತದೆ. ಅದಕ್ಕೇ ಈ ಬರಹ. ಸ್ವಲ್ಪ ಉದ್ದ ಆಗಬಹುದು, ಚಹಾ ಹಿಡ್ಕೊಂಡು ಕೂತ್ಕೊಳ್ಳಿ.

ಕರೆಗೂ ಒಂದು ಅರ್ಜಿ

ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಬಾಸೆಲ್ ಮಿಶನ್ ಹುಟ್ಟಿತು. ಮರುವರ್ಷವೇ ಮಿಶನರಿಗಳನ್ನು ತಯಾರು ಮಾಡುವ ಶಾಲೆ ಶುರುವಾಯಿತು. ಅಲ್ಲಿಗೆ ಬರುತ್ತಿದ್ದ ಬಹಳ ಹುಡುಗರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ರೈತರ ಮಕ್ಕಳು, ನೇಕಾರರು, ಬಡಗಿಗಳು. ಹರ್ಮನ್ ಮೊಗ್ಲಿಂಗ್‌ನಂತೆ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿ ಬಂದವರು ಕಡಿಮೆ.

ನನಗೆ ಬಹಳ ಹಿಡಿಸಿದ್ದು ಅವರ ಪ್ರವೇಶದ ಪದ್ಧತಿ. ‘ನನಗೆ ಕರೆ ಬಂದಿದೆ’ ಅಂದರೆ ಸಾಕಾಗುತ್ತಿರಲಿಲ್ಲ. ಹುಡುಗ ತನ್ನ ಜೀವನದ ಕಥೆಯನ್ನು ತಾನೇ ಬರೆದು ಕಳಿಸಬೇಕು: ಹುಟ್ಟು, ಬಾಲ್ಯ, ಮಾಡಿದ ಪಾಪ, ಮನಸ್ಸು ತಿರುಗಿದ ಗಳಿಗೆ, ಕರೆ ಕೇಳಿಸಿದ ಬಗೆ. ಅವನನ್ನು ಬಲ್ಲ ಪಾದ್ರಿಯೂ ಅವನ ಬಗ್ಗೆ ಬರೆಯಬೇಕು. ಆಮೇಲೆ ಮಿಶನ್ನಿನ ಕಮಿಟಿ ಕೂತು, ಓದಿ, ತೂಗಿ ನೋಡುತ್ತಿತ್ತು. ಕರೆ ಕೇಳಿಸೋದು ಒಬ್ಬನಿಗೆ, ಅದು ನಿಜವೋ ಅಲ್ಲವೋ ಅಂತ ತೀರ್ಮಾನ ಮಾಡೋದು ಮಾತ್ರ ಬೇರೆಯವರು!

ಒಳಗೆ ಹೋದ ಮೇಲೂ ಯಾವ ದೇಶಕ್ಕೆ ಹೋಗಬೇಕು ಅನ್ನೋದು ಹುಡುಗನ ಇಷ್ಟ ಅಲ್ಲ, ಕಮಿಟಿ ಹೇಳಿದಲ್ಲಿಗೆ ಹೋಗಬೇಕು. ಮದುವೆಗೂ ಕಮಿಟಿಯ ಒಪ್ಪಿಗೆ ಬೇಕು. ಬಹಳ ಸಲ ವಧು ಯುರೋಪಿನಿಂದ ಹಡಗಿನಲ್ಲಿ ಬರುತ್ತಿದ್ದಳು. ಹುಟ್ಟಿದ ಮಕ್ಕಳನ್ನು ಶಾಲೆಯ ವಯಸ್ಸಿಗೆ ಯುರೋಪಿಗೆ ಕಳಿಸಬೇಕು. ಆ ಮಕ್ಕಳಿಗಾಗಿಯೇ ಬಾಸೆಲ್ಲಿನಲ್ಲಿ 1853ರಲ್ಲಿ ಒಂದು ವಸತಿಗೃಹ ಮಾಡಿದರು. ಮಲಯಾಳಂ ನಿಘಂಟಿನ ಹರ್ಮನ್ ಗುಂಡರ್ಟ್ ಗೊತ್ತಲ್ಲ? ಅವರ ಮಗಳು ಮರೀ 1842ರಲ್ಲಿ ಮಲಬಾರಿನಲ್ಲಿ ಹುಟ್ಟಿದವಳು. ಎಳೆಯ ಕೂಸಿದ್ದಾಗಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ಅಪ್ಪ-ಅವ್ವ ತಿರುಗಿ ಬಂದರು. ಅಪ್ಪ-ಅವ್ವನ ಮುಖ ಮತ್ತೆ ನೋಡಿದ್ದು ಹದಿನೈದನೆಯ ವಯಸ್ಸಿಗೆ. ಮುಂದೆ ಆಕೆಯ ಮಗನೇ ‘ಸಿದ್ಧಾರ್ಥ’ ಬರೆದ ಹರ್ಮನ್ ಹೆಸ್ಸೆ. ಕರೆ ಬಂದದ್ದು ಅಪ್ಪನಿಗೆ. ಬೆಲೆ ಕೊಟ್ಟವಳು ಆ ಕೂಸು.

ಸಾವಂತೂ ಬೆನ್ನಿಗೇ ಇತ್ತು. 1828ರ ಕೊನೆಗೆ ಪಶ್ಚಿಮ ಆಫ್ರಿಕಾದ ಗೋಲ್ಡ್ ಕೋಸ್ಟ್, ಅಂದರೆ ಇಂದಿನ ಘಾನಾ ತಲುಪಿದ ಮೊದಲ ನಾಲ್ವರಲ್ಲಿ ಮೂವರು ಒಂದು ವರ್ಷದೊಳಗೇ ತೀರಿಕೊಂಡರು. 1831ರ ಹೊತ್ತಿಗೆ ನಾಲ್ಕನೆಯವನೂ ಇಲ್ಲ. ಆ ಸುದ್ದಿ ಬಾಸೆಲ್ಲಿಗೆ ಮುಟ್ಟಿದ ಮೇಲೂ ಹುಡುಗರು ಅರ್ಜಿ ಬರೆಯೋದನ್ನು ಬಿಡಲಿಲ್ಲ.

ಬೆಟಗೇರಿ ಖಾಲಿ ನೆಲವಲ್ಲ

1833ರ ಚಾರ್ಟರ್ ಕಾಯ್ದೆಯಿಂದ ಇಂಗ್ಲಿಷರಲ್ಲದ ಮಿಶನರಿಗಳಿಗೂ ಹಿಂದೂಸ್ತಾನದ ಬಾಗಿಲು ತೆರೆಯಿತು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಅನ್ನೋ ಮೂವರು ಮಂಗಳೂರಿಗೆ ಬಂದರು. 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ನಮ್ಮ ಬೆಟಗೇರಿ. ಅವರ ದಾಖಲೆಗಳಲ್ಲಿ ಈ ಸೀಮೆಯ ಹೆಸರು ‘ದಕ್ಷಿಣ ಮರಾಠಾ’. ಊರ ತುಂಬ ಕನ್ನಡ, ಕಚೇರಿಯಲ್ಲಿ ಮರಾಠಿ, ಹೆಸರೂ ಹಾಗೇ.

ಅವರು ಬಂದದ್ದು ಧರ್ಮದ ವಿಷಯದಲ್ಲಿ ಏನೂ ತಿಳಿಯದ ಮುಗ್ಧ ಹಳ್ಳಿಗಳಿಗೆ ಅಂತ ಯಾರಾದರೂ ಅಂದುಕೊಂಡಿದ್ದರೆ ಒಮ್ಮೆ ಲಕ್ಷ್ಮೇಶ್ವರಕ್ಕೆ ಹೋಗಿ ಬರಬೇಕು. ಹಳೆಯ ಪುಲಿಗೆರೆ ಅದು. ಶಂಖಬಸದಿ ಅಲ್ಲೇ, ಸೋಮೇಶ್ವರ ಗುಡಿ ಅಲ್ಲೇ, ದೂದಪೀರರ ದರ್ಗಾನೂ ಅಲ್ಲೇ. ಆದಯ್ಯನ ಕಥೆ ನಿಮಗೆ ಗೊತ್ತೇ ಇದೆ. ಸೌರಾಷ್ಟ್ರದಿಂದ ವ್ಯಾಪಾರಕ್ಕೆ ಬಂದ ಶಿವಭಕ್ತ, ಜೈನರ ಹುಡುಗಿ ಪದ್ಮಾವತಿಯನ್ನು ಮದುವೆಯಾದ, ಹಟ ಹಿಡಿದು ಸೌರಾಷ್ಟ್ರದ ಸೋಮನಾಥನನ್ನೇ ಪುಲಿಗೆರೆಗೆ ತಂದ. ಹರಿಹರ ಅವನ ಮೇಲೆ ರಗಳೆ ಬರೆದ, ರಾಘವಾಂಕ ‘ಸೋಮನಾಥ ಚರಿತೆ’ ಬರೆದ. ದೂರದೇಶದಿಂದ ದೇವರನ್ನು ಹೊತ್ತು ತಂದವನ ಕಥೆ ನಮ್ಮವರಿಗೆ ಏಳೆಂಟು ನೂರು ವರ್ಷ ಹಳೆಯದು!

ಲಕ್ಷ್ಮೇಶ್ವರದಿಂದ ಒಂದು ಹೆಜ್ಜೆ ಮುಂದೆ ಶಿರಹಟ್ಟಿ. ಅಲ್ಲಿ ಫಕೀರೇಶ್ವರ ಮಠ. ‘ಫಕೀರ’ನೂ ಅವನೇ, ‘ಈಶ್ವರ’ನೂ ಅವನೇ. ಹಿಂದೂ-ಮುಸ್ಲಿಂ ಇಬ್ಬರೂ ನಡೆದುಕೊಳ್ಳುವ ಗದ್ದಿಗೆ. ರಾಜಕೀಯವಾಗಿಯೂ ಈ ಸೀಮೆ ಚೂರು ಚೂರು. ಗದಗ, ಮುಂಡರಗಿ ಕಂಪನಿ ಸರಕಾರದ್ದು, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಒಂದು ದಿನದ ನಡಿಗೆಯಲ್ಲಿ ಮೂರು ಸರಕಾರ, ನಾಲ್ಕೈದು ಧರ್ಮ. ಬಾಸೆಲ್ಲಿನ ಹುಡುಗರು ಕಾಲಿಟ್ಟದ್ದು ಇಂಥ ಸಂತೆಯೊಳಗೆ.

ಕಾದು ಕೂತವರು

ಕಥೆಯ ತಿರುವು ಇರೋದು ಇಲ್ಲೇ. ಮಿಶನರಿಗಳು ಹುಬ್ಬಳ್ಳಿಯಲ್ಲಿ ನೆಲೆ ನಿಂತ ಹೊಸದರಲ್ಲಿ, 1839-40ರ ಸುಮಾರಿಗೆ, ಕೆಲವು ಮಂದಿ ತಾವಾಗಿಯೇ ಅವರನ್ನು ಹುಡುಕಿಕೊಂಡು ಬಂದರು. ಅವರು ಕಾಲಜ್ಞಾನದವರು. ಕೊಡೇಕಲ್ ಬಸವಣ್ಣನ ಪರಂಪರೆಯ ಕಾಲಜ್ಞಾನದ ನುಡಿಗಳನ್ನು ನಂಬಿದ ಜನ. ಮುಂದೆ ಹೀಗಾಗುತ್ತದೆ, ಹಾಗಾಗುತ್ತದೆ, ಧರ್ಮದ ರಾಜ್ಯ ಬರುತ್ತದೆ, ವೀರ ವಸಂತರಾಯ ಬರುತ್ತಾನೆ ಅಂತ ಹೇಳುವ ವಚನಗಳು ನಮ್ಮ ಕಡೆ ಎಷ್ಟೋ ಮಠಗಳಲ್ಲಿವೆ. ಪರದೇಶದಿಂದ ಗುರುಗಳು ಬರುತ್ತಾರೆ ಅಂತ ತಮ್ಮ ಕಾಲಜ್ಞಾನದಲ್ಲಿದೆ, ಅವರು ನೀವೇ ಇರಬೇಕು ಅನ್ನೋದು ಬಂದವರ ಮಾತು!

ಒಂದು ಕ್ಷಣ ಆ ಮಿಶನರಿಗಳ ಜಾಗದಲ್ಲಿ ನಿಂತು ನೋಡಿ. ಊರು ಬಿಟ್ಟು ಬಂದಿದ್ದೀರಿ, ಭಾಷೆ ಇನ್ನೂ ಪೂರ್ತಿ ಹತ್ತಿಲ್ಲ, ಕೇಳುವವರಿಗಿಂತ ನಗುವವರೇ ಹೆಚ್ಚು. ಅಷ್ಟರಲ್ಲಿ ಮನೆಬಾಗಿಲಿಗೆ ಬಂದು ‘ನಿಮಗಾಗಿಯೇ ಕಾದಿದ್ದೇವೆ’ ಅನ್ನುವ ಜನ. ಕರೆ ನಿಜ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಸಾವಿರಗಟ್ಟಲೆ ಜನ ಬಂದೇ ಬರುತ್ತಾರೆ ಅಂತ ಯುರೋಪಿಗೆ ಆಸೆಯ ಕಾಗದಗಳು ಹೋದವು. ಬೆಟಗೇರಿಯ ನೆಲೆ ಹುಟ್ಟಿದ್ದೇ ಈ ಹುರುಪಿನಲ್ಲಿ. ಗದಗಿನ ಹತ್ತಿರದ ಮಲ್ಲಸಮುದ್ರದಲ್ಲಿ ಜಮೀನು ಪಡೆದು 1841ರಲ್ಲೇ ಒಂದು ಕ್ರೈಸ್ತ ಕಾಲೊನಿಯನ್ನೂ ಶುರು ಮಾಡಿದರು. ಮುಳಗುಂದ ರಸ್ತೆಯಲ್ಲಿ ಗದಗಿನ ಸರಕಾರಿ ಮೆಡಿಕಲ್ ಕಾಲೇಜು ಇದೆಯಲ್ಲ, ಅದೇ ಮಲ್ಲಸಮುದ್ರ.

ಸಾವಿರಗಟ್ಟಲೆ ಜನ ಬರಲೇ ಇಲ್ಲ. ಕೆಲವೇ ವರ್ಷಗಳಲ್ಲಿ ಹುರುಪು ಇಳಿಯಿತು. ಬಂದವರಿಗೆ ಆತ್ಮದ ಹಸಿವಿಗಿಂತ ಹೊಟ್ಟೆಯ ಹಸಿವೇ ಹೆಚ್ಚು, ಇವರಿಗೆ ಬೇಕಾದದ್ದು ಜಮೀನು ಮತ್ತು ಆಸರೆ ಅಂತ ಮಿಶನರಿಗಳಿಗೆ ನಿರಾಸೆಯಾಯಿತು.

ಆದರೆ ಆ ಜನರ ಜಾಗದಲ್ಲೂ ನಿಂತು ನೋಡಬೇಕಲ್ಲ? ಜಾತಿ ಬಿಟ್ಟವನಿಗೆ ಅಂದು ಓಣಿ ಇಲ್ಲ, ಬಾವಿ ಇಲ್ಲ, ಕೆಲಸ ಇಲ್ಲ. ಧರ್ಮ ಬದಲಿಸಿದರೂ ಆಸ್ತಿಯ ಹಕ್ಕು ಹೋಗೋದಿಲ್ಲ ಅನ್ನೋ ಕಾಯ್ದೆ ಬಂದದ್ದೇ 1850ರಲ್ಲಿ. ಅಂಥವನು ‘ಸ್ವಾಮೀ, ನಿಂತುಕೊಳ್ಳಲಿಕ್ಕೆ ತುಸು ನೆಲ ಕೊಡ್ರಿ’ ಅಂದರೆ ಅದರಲ್ಲಿ ಲೋಭ ಏನು ಬಂತು? ಬಾಸೆಲ್ ಮಿಶನ್ನಿಗೂ ಈ ಪ್ರಶ್ನೆ ಬೆನ್ನು ಬಿಡಲಿಲ್ಲ. ನೇಯ್ಗೆಯ ಕಾರ್ಖಾನೆಗಳು, 1865ರಲ್ಲಿ ಮಂಗಳೂರಿನ ಹೆಂಚಿನ ಕಾರ್ಖಾನೆ, ಇವೆಲ್ಲ ಹುಟ್ಟಲು ಮತಾಂತರವಾದವರ ಹೊಟ್ಟೆಪಾಡು ಒಂದು ದೊಡ್ಡ ಕಾರಣ.

ಇನ್ನೊಂದು ಮಾತು. ಆ ಮಂದಿ ಕಾಯುತ್ತಿದ್ದದ್ದು ತಮ್ಮ ಕಾಲಜ್ಞಾನದ ಗುರುವಿಗೆ, ಬೈಬಲಿನ ಯೇಸುವಿಗಲ್ಲ. ಬಂದವರು ತಮ್ಮ ಕರೆಯ ಕಣ್ಣಿನಿಂದ ಇವರನ್ನು ನೋಡಿದರು, ಇವರು ತಮ್ಮ ನುಡಿಗಳ ಕಣ್ಣಿನಿಂದ ಅವರನ್ನು ನೋಡಿದರು. ಇಬ್ಬರೂ ಪ್ರಾಮಾಣಿಕರೇ. ಕರೆ ಬಂದವರು ಮತ್ತು ಕಾದು ಕೂತವರು ಮುಖಾಮುಖಿಯಾದರೂ ಭೇಟಿ ಮಾತ್ರ ಆಗಲಿಲ್ಲ. ನಾನು ಓದಿದ ಮಟ್ಟಿಗೆ ಗದಗ ಸೀಮೆಯ ಇತಿಹಾಸದಲ್ಲಿ ಇಷ್ಟು ವ್ಯಥೆಯ ಪ್ರಸಂಗ ಇನ್ನೊಂದಿಲ್ಲ.

ಹದಿನೇಳು ವರ್ಷ ಕಳೆದ ಮೇಲೆ, 1858ರಲ್ಲಿ, ಮುಂಡರಗಿ ಭೀಮರಾಯ ಇದೇ ಸೀಮೆಯಲ್ಲಿ ಕಂಪನಿ ಸರಕಾರದ ವಿರುದ್ಧ ಬಂಡೆದ್ದ, ಕೊಪ್ಪಳದ ಕೋಟೆಯಲ್ಲಿ ಹೋರಾಡುತ್ತ ಸತ್ತ. ಇವನು ಆಳಲು ಬಂದ ಬಿಳಿಯ, ಅವನು ದೇವರು ಕಳಿಸಿದ ಬಿಳಿಯ ಅಂತ ಸಾಮಾನ್ಯ ಜನ ಬೇರೆ ಮಾಡಿ ನೋಡೋದು ಎಷ್ಟು ಕಷ್ಟವಿತ್ತು ಅಂತ ಇದರ ಮೇಲೆ ಊಹೆ ಮಾಡಬಹುದು. ಬಾಸೆಲ್ಲಿನವರು ಇಂಗ್ಲಿಷರಲ್ಲ ನಿಜ, ಆದರೆ ಅವರ ದಾರಿ ತೆರೆದದ್ದು ಇಂಗ್ಲಿಷರ ಕಾಯ್ದೆಯೇ.

ಇದನ್ನೆಲ್ಲ ಈಗ ಯಾಕೆ ಬರೆದೆ

ಬೆಟಗೇರಿಯಲ್ಲಿ ನನಗೊಬ್ಬ ಹಳೆಯ ಗೆಳೆಯ. ನಾಲ್ಕು ತಲೆಮಾರಿನ ಕ್ರೈಸ್ತ ಮನೆತನ. ಅವನ ಮಗಳು ಡಿಗ್ರಿ ಮುಗಿಸಿದಳು. ನೌಕರಿಗೆ ಅರ್ಜಿ ಹಾಕ್ತಾಳೆ ಅಂತ ಎಲ್ಲರೂ ಅಂದುಕೊಂಡಿದ್ದರೆ ಆಕೆ ‘ನನಗ ಕರೆ ಬಂದೈತಿ, ಆಫ್ರಿಕಾಕ್ಕ ಸೇವಾ ಮಾಡ್ಲಿಕ್ಕೆ ಹೋಗ್ತೀನಿ’ ಅಂದಳಂತೆ. ಅಪ್ಪ ಸುಮ್ಮನಾದ. ಅವ್ವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ‘ಅಣ್ಣಾರ, ನೀವರ ಒಂದೀಟು ತಿಳಿಸಿ ಹೇಳ್ರಿ, ನಿಮ್ಮ ಮಾತ ಕೇಳ್ತಾಳ’ ಅಂತ ನನಗೆ ಫೋನು.

ನಾನು ಏನು ತಿಳಿಸಿ ಹೇಳಲಿ? ಹುಡುಗಿ ಹುಚ್ಚಾಟ ಆಡುತ್ತಿಲ್ಲ. ‘ಕಾಕಾ, ಅವರು ನಮ್ಮ ಊರಿಗೆ ಬರದಿದ್ರ ನಮ್ಮ ಮುತ್ಯಾ ಅಕ್ಷರ ಕಲೀತಿದ್ನೇನು? ಈಗ ನಾವು ಹೋದ್ರ ಯಾಕ ಎಲ್ಲಾರೂ ಅಳಬೇಕು?’ ಅಂತ ಕೇಳಿದಳು. ಸರಿಯಾದ ಪ್ರಶ್ನೆಯೇ. ಬಿಳಿಯ ಹುಡುಗ ಇಲ್ಲಿಗೆ ಬಂದರೆ ತ್ಯಾಗ, ನಮ್ಮ ಹುಡುಗಿ ಅಲ್ಲಿಗೆ ಹೋದರೆ ಅವಿವೇಕ ಅನ್ನಲಿಕ್ಕೆ ನನ್ನ ಬಾಯಿ ಬರಲಿಲ್ಲ. ಹೋಗಬೇಡ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಮೂರು ಜನರ ಕಥೆ ಹೇಳಿ ಬಂದೆ. ಅದನ್ನೇ ನಿಮಗೂ ಹೇಳಿಬಿಡ್ತೀನಿ.

ಮೂರು ಜನ

ಮೊದಲನೆಯವರು ಆನಂದರಾವ್ ಕೌಂಡಿನ್ಯ. 1825ರಲ್ಲಿ ಹುಟ್ಟಿದ ಮಂಗಳೂರಿನ ಸಾರಸ್ವತ ಬ್ರಾಹ್ಮಣ, ಮೊಗ್ಲಿಂಗರ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ. 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ದೊಡ್ಡ ಗದ್ದಲವೇ ಆಯಿತು. 1846ರಲ್ಲಿ ಮೊಗ್ಲಿಂಗರ ಜೊತೆ ಬಾಸೆಲ್ಲಿಗೆ ಹೋಗಿ, ಅದೇ ಮಿಶನರಿ ಶಾಲೆಯಲ್ಲಿ ಯುರೋಪಿನ ಹುಡುಗರ ಸಂಗಡ ಓದಿ, 1851ರಲ್ಲಿ ಪಾದ್ರಿಯಾಗಿ ತಿರುಗಿ ಬಂದರು. ಯುರೋಪಿನ ಮಿಶನರಿಗಳಿಗೆ ಸರಿಸಮಾನ ಸ್ಥಾನ ಅವರಿಗೆ ಸಿಕ್ಕಿತು, ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಆದರೆ ಮದುವೆಯಾಗಿದ್ದ ಹೆಂಡತಿ ಲಕ್ಷ್ಮಿ ಅವರ ಹೊಸ ಬದುಕಿಗೆ ಬರಲಿಲ್ಲ. ಮುಂದೆ 1860ರಲ್ಲಿ ವುರ್ಟೆಂಬರ್ಗಿನ ಮರೀ ರೈನ್‌ಹಾರ್ಟ್ ಅನ್ನುವವರನ್ನು ಮದುವೆಯಾದರು. ಕರೆಗೆ ಓಗೊಟ್ಟವರ ಕಥೆ ಪುಸ್ತಕಕ್ಕೆ ಬರುತ್ತದೆ. ಹಿಂದೆ ಉಳಿದ ಲಕ್ಷ್ಮಿಯಂಥವರ ಕಥೆಗೆ ಒಂದು ಸಾಲು ಸಿಕ್ಕರೆ ಹೆಚ್ಚು. ಹೋಗುವವರು ಈ ಒಂದು ಸಾಲನ್ನು ಮರೆಯಬಾರದು.

ಎರಡನೆಯವರು ನಮ್ಮೆಲ್ಲರ ಕಿಟೆಲ್. ಫರ್ಡಿನಂಡ್ ಕಿಟೆಲ್ ಉತ್ತರ ಜರ್ಮನಿಯಲ್ಲಿ 1832ರಲ್ಲಿ ಹುಟ್ಟಿ, 1853ರಲ್ಲಿ, 21ನೆಯ ವಯಸ್ಸಿಗೆ ಈ ಕಡೆ ಬಂದರು. ಮೊದಲ ಕೆಲವು ವರ್ಷ ಇದ್ದದ್ದು ನಮ್ಮ ಧಾರವಾಡ ಸೀಮೆಯಲ್ಲೇ. ಕುದುರೆ ಬಿಟ್ಟು ನಡೆದುಕೊಂಡೇ ಹೋಗಬೇಕು, ಜನರ ಹಾಗೇ ಬದುಕಬೇಕು ಅನ್ನುವ ಹಟ ಅವರದು. ಜೊತೆಯ ಮಿಶನರಿಗಳಿಗೆ ಅದು ಹಿಡಿಸಲಿಲ್ಲ. ಎಷ್ಟು ಜನರನ್ನು ಕ್ರೈಸ್ತರನ್ನಾಗಿ ಮಾಡಿದರು ಅನ್ನೋ ಲೆಕ್ಕದಲ್ಲಿ ಕಿಟೆಲ್ ದೊಡ್ಡ ಮಿಶನರಿ ಅಲ್ಲವೇ ಅಲ್ಲ. ಅವರು ಮಾಡಿದ್ದು ಕೇಳಿಸಿಕೊಳ್ಳುವ ಕೆಲಸ. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ ಸಂಪಾದಿಸಿದರು. 1877ರಲ್ಲಿ ಜರ್ಮನಿಗೆ ತಿರುಗಿ ಹೋದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ 1883ರಲ್ಲಿ, 51ನೆಯ ವಯಸ್ಸಿಗೆ ಕಿಟೆಲ್ ಮತ್ತೆ ಹಡಗು ಹತ್ತಿ ಬಂದರು. ನಿಘಂಟು ಮುಗಿಸಬೇಕಿತ್ತು, ಅದಕ್ಕೆ ಇಲ್ಲಿನ ಪಂಡಿತರು ಬೇಕಿತ್ತು. ಒಂಬತ್ತು ವರ್ಷ ದುಡಿದು 1892ರಲ್ಲಿ ಹಿಂತಿರುಗಿದರು. ಸುಮಾರು 70 ಸಾವಿರ ಪದಗಳ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಮೊದಲನೇ ಸಲ ಅವರನ್ನು ಕರೆತಂದದ್ದು ಬಾಸೆಲ್ಲಿನಲ್ಲಿ ಕೇಳಿಸಿದ ಕರೆ. ಎರಡನೇ ಸಲದ್ದು ಕನ್ನಡದ ಕರೆ ಅಂತ ನನ್ನ ನಂಬಿಕೆ.

ಮೂರನೆಯವರು ರೆವರೆಂಡ್ ಉತ್ತಂಗಿ ಚನ್ನಪ್ಪ. ಮುಂಡರಗಿ ದಾಟಿ ಕೊರ್ಲಹಳ್ಳಿ ಸೇತುವೆಯ ಮೇಲೆ ತುಂಗಭದ್ರೆ ದಾಟಿದರೆ ಹೂವಿನ ಹಡಗಲಿ ಸೀಮೆ. ಧಾರವಾಡದಲ್ಲಿ 1881ರಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನ ಪಾದ್ರಿಯಾಗಿದ್ದ ಚನ್ನಪ್ಪನವರು ಬದುಕಿನ ಬಹಳ ಕಾಲ ಕಳೆದದ್ದು ಆ ಹಡಗಲಿಯಲ್ಲಿ. ಅವರು ಸಮುದ್ರ ದಾಟಲಿಲ್ಲ. ಭಿಕ್ಷುಕರ ಬಾಯಲ್ಲಿ, ಹಳೆಯ ಪುಸ್ತಕದ ಕಟ್ಟುಗಳಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದರು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಅವರದೇ ಪುಸ್ತಕ. ಹೆಸರು ಗಮನಿಸಿ, ಆಜ್ಞೆ ಅಲ್ಲ, ವಿನಂತಿ. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಪಾದ್ರಿಯೊಬ್ಬರು ಸರ್ವಜ್ಞನ ಬೆನ್ನು ಹತ್ತಿದ್ದಕ್ಕೆ ಎರಡೂ ಕಡೆ ಹುಬ್ಬೇರಿಸಿದವರು ಇದ್ದೇ ಇರುತ್ತಾರೆ ಬಿಡಿ. ಆದರೆ ಮಲ್ಲಸಮುದ್ರದಲ್ಲಿ ಆಗದೇ ಹೋದ ಭೇಟಿ ಹಡಗಲಿಯಲ್ಲಿ ಆಯಿತು ಅಂತ ನನಗನ್ನಿಸುತ್ತದೆ.

ಕೊನೆಗೆ

1914ರಲ್ಲಿ ಮೊದಲ ಮಹಾಯುದ್ಧ ಬಂತು. ಜರ್ಮನ್ ಮಿಶನರಿಗಳು ರಾತ್ರೋರಾತ್ರಿ ಸರಕಾರದ ಕಣ್ಣಿಗೆ ಶತ್ರುಗಳಾದರು. ಎಷ್ಟೋ ಜನರನ್ನು ಅಹ್ಮದನಗರದ ಶಿಬಿರಕ್ಕೆ ಹಾಕಿ ಆಮೇಲೆ ಯುರೋಪಿಗೆ ಸಾಗಿಸಿದರು. ದೇವರ ಕರೆಯ ಮೇಲೆ ಬಂದವರು ಸರಕಾರದ ಆಜ್ಞೆಯ ಮೇಲೆ ಹೋದರು. ಶಾಲೆ, ದವಾಖಾನೆ, ಸಭೆ ಇಲ್ಲೇ ಉಳಿದವು. ನಡೆಸಿದವರು ಇಲ್ಲಿನ ಉಪದೇಶಿಗಳು, ಮಾಸ್ತರರು, ನರ್ಸಮ್ಮಗಳು, ಹೊಲ-ಮಗ್ಗದ ಜನ. ಹೆಚ್ಚಿನವರ ಹೆಸರು ನಿಘಂಟಿನ ಮೇಲಿಲ್ಲ, ಪ್ರತಿಮೆಯ ಕೆಳಗಿಲ್ಲ. ಬಾಸೆಲ್ ಮಿಶನ್ ಕೂಡ 2001ರಿಂದ ಬೇರೆ ಸಂಸ್ಥೆಗಳ ಜೊತೆ ಕೂಡಿ ‘ಮಿಶನ್ 21’ ಆಗಿದೆ. ಜರ್ಮನಿಯ ಹುಡುಗರು ಒಂದು ವರ್ಷದ ಸ್ವಯಂಸೇವೆಗೆ ಈ ಕಡೆ ಬರುತ್ತಾರೆ, ಈ ಕಡೆಯವರು ಆ ಕಡೆಗೂ ಹೋಗುತ್ತಾರೆ. ದಾರಿ ಈಗ ಒಮ್ಮುಖವಲ್ಲ.

ಎಲ್ಲ ಓದಿ ನೋಡಿದ ಮೇಲೆ ನನಗೆ ತಿಳಿದದ್ದು ಇಷ್ಟೇ. ಕರೆ ನಿಜವೋ ಸುಳ್ಳೋ ಅಂತ ಕಮಿಟಿಯೂ ಹೇಳಲಾರದು, ನಾನಂತೂ ಹೇಳಲಾರೆ. ಆದರೆ ಹೋದ ಊರಿನಲ್ಲೂ ಜನ ಇದ್ದಾರೆ, ಅವರಿಗೂ ಒಂದು ಭಾಷೆ, ಒಂದು ದೇವರು, ಒಂದು ಕಾಯುವಿಕೆ ಇದೆ. ಅವರ ಭಾಷೆ ಕಲಿತು, ‘ನೀವು ಯಾರಿಗೆ ಕಾಯುತ್ತಿದ್ದೀರಿ?’ ಅಂತ ಕೇಳುವ ತಾಳ್ಮೆ ಇಲ್ಲದವರ ಕರೆಯಿಂದ ಮಲ್ಲಸಮುದ್ರವಾಗುತ್ತದೆ. ಆ ತಾಳ್ಮೆ ಇದ್ದವರು, ಬಂದ ಕೆಲಸದಲ್ಲಿ ಸೋತರೂ, ಏನಾದರೊಂದು ಬಿಟ್ಟು ಹೋಗುತ್ತಾರೆ. ಇದು ಬರೀ ಧರ್ಮದವರ ಮಾತಲ್ಲ. ಸಮಾಜಸೇವೆಗೆ, ಪಾಠ ಹೇಳಲಿಕ್ಕೆ, ಕೊನೆಗೆ ನೌಕರಿಗೆ ಅಂತ ಊರು ಬಿಟ್ಟ ನಮಗೆಲ್ಲ ಸಲ್ಲುವ ಮಾತು.

ನಿಮ್ಮ ಊರುಗಳಲ್ಲೂ ಇಂಥದೊಂದು ಮಿಶನ್ ಬಂಗ್ಲೆ, ಹಳೆಯ ಶಾಲೆ, ಗುಳೇದಗುಡ್ಡದ್ದೋ ಮಡಿಕೇರಿಯದ್ದೋ ಉಡುಪಿಯದ್ದೋ ನೆನಪು ಇರಬಹುದು. ಬಂದವರ ಕಥೆ ಪುಸ್ತಕಗಳಲ್ಲಿದೆ. ಕಾದು ಕೂತವರ ಕಥೆ ಹಿರಿಯರ ಬಾಯಲ್ಲಿ ಮಾತ್ರ ಉಳಿದಿದೆ, ಅವರು ಹೋದರೆ ಅದೂ ಹೋಯಿತು. ಕೇಳಿ ಬರೆದಿಡ್ರಿ. ನಾನು ಓದಲಿಕ್ಕೆ ಕಾದಿದ್ದೀನಿ.